ಉಡಚವ್ವನ ಮೊದಲ ಹಿಡಿ

ಚನ್ನಬಸವಣ್ಣ ಸಾಹುಕಾರರು ಚೀಲದಿಂದ ಹುಲ್ಲಿನ ಬೀಜವನ್ನು ಉಡಚವ್ವನ ಅಂಗೈಗೆ ಸುರಿದರು. ಹೊಲದ ಕರಿಕೆ ಹುಲ್ಲು ಕಿತ್ತು ಕಿತ್ತೇ ಬೆನ್ನು ಬಾಗಿದವಳು ಅವಳು. ಸ್ವರಾಜ್ಯ ಬಂದ ಮರುವರ್ಷ ಈ ಸಾಹುಕಾರರು ಮುಂಬಯಿಯಿಂದ ಬೀಜ ತರಿಸಿ, ಅವಳ ಬದುವಿಗೆ ಹತ್ತಿದ ತಮ್ಮ ಬಂಗಲೆಯ ಅಂಗಳದಲ್ಲಿ ಚೆಂದಕ್ಕೆಂದು ಹುಲ್ಲು ಬಿತ್ತುತ್ತಾರಂತೆ! ಇಂದು ಬದು ದಾಟುವುದು ಹುಲ್ಲು. ನಾಳೆ ದಾಟುವುದು ಸಾಹುಕಾರರ ಬೇಲಿ. ಅದಕ್ಕೇ, ಯಾವಾಗ ಬಿತ್ತಬೇಕೆಂದು ಸಾಹುಕಾರರು ಮೊದಲೇ ಕೇಳಿದಾಗ, "ಯುಗಾದಿ ಆದ ಕೂಡ್ಲೆ ಬಿತ್ರಿ" ಎಂದಿದ್ದಳು. ಆ ಬಿಸಿಲಿಗೆ ಬೀಜ ಹುರಿದುಹೋಗುತ್ತದೆ.

"ಸೊರಟೂರಾಗ ಬಿತ್ತಿಗಿ ಅಂದ್ರ ಮೊದಲ ಹಿಡಿ ನಿಂದ ಅಲ್ಲೇನ ಯವ್ವಾ? ನಿನ್ನ ಕೈಲೆ ಬಿದ್ದ ಬೀಜ ಹುಸಿ ಹೋಗಿಲ್ಲಂತ. ಹಾಕು." ಸಾಹುಕಾರರು ಅವಳ ಮುಖವನ್ನೇ ನೋಡುತ್ತ ನಿಂತರು. ಬೇಲಿಯಾಚೆ ಊರ ಮಂದಿಯೂ ನೋಡುತ್ತಿದ್ದರು.

ಉಡಚವ್ವನ ಮುಷ್ಟಿ ಬಿಗಿಯಿತು. ಈ ಬೀಜ ಸುಟ್ಟರೆ ಇನ್ನು ಯಾರೂ ಅವಳನ್ನು ಬಿತ್ತಿಗೆಗೆ ಕರೆಯರು.

"ತಡೀರಿ ಸಾಹುಕಾರ್ರ," ಎಂದಳು. "ಮುಂಗಾರಿನ ಮಿರಗದ ಮಳಿ ಬರಲಿ."

ಸಾಹುಕಾರರು ಚೀಲದ ಬಾಯಿ ಕಟ್ಟಿದರು. "ಈಗ ಖರೆ ಹೇಳಿದಿ ನೋಡವ್ವಾ."