ಕಣ್ಣಿಲ್ಲದ ಡ್ರೈವರನ ಜೋಕು

"ನಮ್ಮ ಡ್ರೈವರ್‌ಗೆ ಕಣ್ಣು ಕಾಣಲ್ಲ, ವಾಸನೆ ಹಿಡ್ಕೊಂಡೇ ಗಾಡಿ ಓಡಿಸ್ತಾನೆ!" ಎಂದು ಗೈಡ್ ಝೈದ್ ಮೈಕಿನಲ್ಲಿ ಸಿನಿಮಾ ವಿಲನ್ ದನಿಯಲ್ಲಿ ಅಬ್ಬರಿಸಿದ. ಎಸ್ಸವೀರಾದ ಕಡಲಿನಿಂದ ಮೆರ್ಜೂಗಾದ ಮರಳಿನವರೆಗೆ ಪ್ರತಿ ಪ್ರವಾಸದಲ್ಲೂ ಇದೇ ಜೋಕು. ಹಿಂದಿದ್ದ ಎಂಟು ಪ್ರವಾಸಿಗರು ಬಿದ್ದು ಬಿದ್ದು ನಕ್ಕರು. ಎದುರಿಗೆ ಪೊಲೀಸ್ ತಪಾಸಣೆಯ 'ನಿಲ್ಲಿ' ಎಂಬ ಕೆಂಪು ಫಲಕ ಬಂತು. ವ್ಯಾನು ನಿಧಾನವಾಗಲೇ ಇಲ್ಲ.

ಡ್ರೈವರ್ ಪಕ್ಕದ ಸೀಟಿನಲ್ಲಿದ್ದ ಝೈದ್ ಹ್ಯಾಂಡ್‌ಬ್ರೇಕ್ ಎಳೆದ. ಫಲಕಕ್ಕೆ ಗೇಣು ದೂರದಲ್ಲಿ ಗಾಡಿ ನಿಂತಿತು. ಪಕ್ಕಕ್ಕೆ ಹಾರಿದ್ದ ಪೊಲೀಸ್, "ಮೋಹಾ, ಮುದುಕ ಆದೆ ಕಣಯ್ಯ!" ಎಂದು ಬೈದು, ಹೋಗು ಎಂದು ಕೈ ಬೀಸಿದ. ಡ್ರೈವರ್ ಮೋಹಾ ಆ ಕೈಯ ಕಡೆಗೇ ಮುಖ ಮಾಡಿ ಸುಮ್ಮನೆ ಕಾಯುತ್ತ ಕೂತಿದ್ದ.

"ಚಿಕ್ಕಪ್ಪಾ, ಆಗ್ಲೇ ಕೈ ಬೀಸಿದ್ರು," ಝೈದ್ ಪಿಸುಗುಟ್ಟಿದ. "ಯಾವಾಗಿಂದ ಹಿಂಗೆ?"

"ಆ ಜೋಕು ನಿಂಗೆ ಕಲಿಸಿದ್ನಲ್ಲ, ಅವತ್ತಿಂದ." ಮೋಹಾ ಗೇರ್ ಹಾಕಿದ. "ನೀನು ಹೇಳ್ತಾ ಇರೋವರ್ಗೂ ಯಾರಿಗೂ ಅನುಮಾನ ಬರಲ್ಲ ಮಗಾ. ಮನೇಲಿ ಆರು ಹೊಟ್ಟೆ ಇದಾವೆ. ಮುಂದೆ ಕಣಿವೆ. ತಿರುವು ಎಡಕ್ಕೋ, ಬಲಕ್ಕೋ?"

"ಎಡಕ್ಕೆ," ಎಂದ ಝೈದ್, ಮೈಕನ್ನು ಅಂಗೈಯಲ್ಲಿ ಮುಚ್ಚಿ.

ಹಿಂದಿನಿಂದ "ಇನ್ನೊಂದ್ಸಲ!" ಎಂದು ಚಪ್ಪಾಳೆ ಬಿತ್ತು. ಝೈದ್ ಅಂಗೈ ತೆಗೆದ.

"ನಮ್ಮ ಡ್ರೈವರ್‌ಗೆ ಕಣ್ಣು ಕಾಣಲ್ಲ."

ಈ ಸಲ ವಿಲನ್ ದನಿ ಬರಲಿಲ್ಲ. ಆದರೂ ಎಲ್ಲರೂ ನಕ್ಕರು.