ಬುಧವಾರದ ಒಪ್ಪೊತ್ತು

ಮುದ್ದೆಗೆಂದು ಉಪ್ಪೆಸರು ಕುದಿಯುವ ವಾಸನೆ ಬಂದರೆ ಈಗಲೂ ನನಗೆ ಉಣ್ಣುವ ಮನಸ್ಸೇ ಹೋಗಿಬಿಡುತ್ತದೆ.

ಮಧುವನಹಳ್ಳಿಗೆ ಕರೆಂಟು ಬಂದ ವರ್ಷ ಅದು. ನಮ್ಮ ಚಿಕ್ಕವ್ವ ಮೊದಲು ಸೋಮವಾರ ಮಾತ್ರ, ಮಾದಪ್ಪನಿಗೆಂದು ಒಪ್ಪೊತ್ತು ಇರುತ್ತಿದ್ದಳು. ಆಮೇಲೆ ಮಾರಮ್ಮನ ಶುಕ್ರವಾರ ಸೇರಿತು, ಬೆಟ್ಟದ ರಂಗಪ್ಪನ ಶನಿವಾರವೂ ಸೇರಿತು. "ನನ್ ಸೊಸೆಯಂತಾ ಭಕ್ತೆ ಊರಲ್ಲೇ ಇಲ್ಲ ಕಣ್ರವ್ವ" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಒಪ್ಪೊತ್ತೆಂದರೆ ಒಂದು ಹೊತ್ತಾದರೂ ಉಣ್ಣಬೇಕು. ಆ ಒಂದು ಹೊತ್ತಿನ ಮುದ್ದೆಯೂ ಹಿತ್ತಲ ನಾಯಿಗೆ ಹೋಗುವುದನ್ನು ನಾನೊಬ್ಬಳೇ ನೋಡಿದ್ದೆ.

ಅವತ್ತು ಬುಧವಾರ. ಮಧ್ಯಾಹ್ನ ಚಿಕ್ಕವ್ವ ಅಡುಗೆಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದಳು. ತಲೆ ಬಾಚಿ ಎಷ್ಟು ದಿನವಾಗಿತ್ತೋ. ಉಪ್ಪೆಸರಿನ ಪಕ್ಕದಲ್ಲಿ ಮುದ್ದೆ ಆರಿ, ಮೇಲೆಲ್ಲ ಬಿರುಕು ಬಿಟ್ಟಿತ್ತು.

"ಇವತ್ತು ಯಾವ್ ದೇವ್ರುದು ಚಿಕ್ಕವ್ವ?" ಎಂದೆ.

"ಯಾರ್ದೂ ಅಲ್ಲ ಕಣವ್ವ. ಗಂಟ್ಲಲ್ಲಿ ಇಳಿಯಾಕಿಲ್ಲ. ಏಳಕೂ ಬ್ಯಾಸರ, ಉಣ್ಣಕೂ ಬ್ಯಾಸರ. ಅಂಗಂದ್ರೆ ಬಯ್ತಾರೆ. ದೇವ್ರು ಅಂದ್ರೆ ಸುಮ್ಕಾಯ್ತಾರೆ." ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ನೀನೇ ಉಂಡ್ಬುಡು."

ಉಂಡೆ. ತಣ್ಣಗಿನ ಮುದ್ದೆ ಗಂಟಲಿಗೆ ಅಂಟುತ್ತಿತ್ತು.

ಕೈ ತೊಳೆದು ಜಗುಲಿಗೆ ಬಂದರೆ ಅಜ್ಜಿ ಕೇಳಿದಳು, "ನಿನ್ ಚಿಕ್ಕವ್ವ ಉಂಡ್ಲಾ?"

"ಇವತ್ತೂ ಒಪ್ಪೊತ್ತಂತೆ."

"ಬುಧವಾರ ಯಾವ ದೇವ್ರಿಗವ್ವ?"

ನನಗೆ ಯಾವ ದೇವರೂ ನೆನಪಾಗಲಿಲ್ಲ. "ಎಲ್ಲಾ ದೇವ್ರಿಗೂ" ಎಂದುಬಿಟ್ಟೆ.

ಅಜ್ಜಿ ಎಲೆ ಅಡಿಕೆ ಕೆಳಗಿಟ್ಟು, ಅಡುಗೆಮನೆಯ ಕಡೆ ತಿರುಗಿ ಕೈ ಮುಗಿದಳು.