ಗೇಟು ದಾಟಿದ ಕಾರು

ಬ್ರೇಕ್ ತುಳಿಯುವಷ್ಟರಲ್ಲಿ ತಡವಾಗಿತ್ತು. ಹೊಲದ ದಾರಿಯಿಂದ ಬಂದ ಬೈಕು ಬಂಪರಿಗೆ ಬಡಿದು, ಸವಾರ ರಸ್ತೆಯಂಚಿನ ಕಲ್ಲಿನ ಮೇಲೆ ಬಿದ್ದ. ಹಿಂದೆ ಕಟ್ಟಿದ್ದ ಗಂಟು ಬಿಚ್ಚಿ ಜೀನ್ಸ್ ಪ್ಯಾಂಟುಗಳು ಡಾಂಬರಿನ ಮೇಲೆ ಚೆಲ್ಲಿದವು.

ಕೊಟ್ರಮ್ಮ ಕಾರಿನಿಂದ ಕೆಳಗಿಳಿದರು. ತೆಕ್ಕಲಕೋಟೆ ದಾಟಿ ಎರಡು ಮೈಲಿ. ಮಧ್ಯಾಹ್ನದ ಬಿಸಿಲು. ಯಾವ ಕಡೆಯಿಂದಲೂ ಒಂದು ಗಾಡಿ ಕಾಣಲಿಲ್ಲ.

ಬಿದ್ದವನಿಗೆ ಎಚ್ಚರವಿತ್ತು. ರಕ್ತವೂ ಹೆಚ್ಚು ಹೋಗಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಅವರ ಮುಖವನ್ನೇ ನೋಡಿದ.

"ಟೀಚರ್... ನೀವೇನ್ರಿ? ನಾನ್ರಿ, ರಾಮಾಂಜಿನಿ. ತೆಕ್ಕಲಕೋಟಿ ಸಾಲ್ಯಾಗ ಏಳನೇ ಕ್ಲಾಸಿಗೆ ನೀವ ಇದ್ರಿ."

ಮೂವತ್ತೆರಡು ವರ್ಷ ಪಾಠ ಹೇಳಿದ್ದ ಕೊಟ್ರಮ್ಮನಿಗೆ ಆ ಮುಖ ನೆನಪಾಗಲಿಲ್ಲ.

"ಹೊಟ್ಟಿಯಾಗ ಭಾಳ ಸಂಕಟ ಆಗಾಕತ್ತೈತ್ರಿ. ಬಳ್ಳಾರಿ ದವಾಖಾನಿಗೆ ಕರಕೊಂಡು ಹೋಗ್ರಿ."

ಅವರು ಹಿಂದಿನ ಬಾಗಿಲಿಗೆ ಕೈ ಹಾಕಿದರು. ಬಾಗಿಲು ತೆರೆಯಿತು ಕೂಡ. ಆಗ ಪಕ್ಕದ ಮನೆಯ ಭೀಮರಾಜನ ಮಾತು ನೆನಪಿಗೆ ಬಂತು.

ನಿವೃತ್ತಿಯಾದ ವರ್ಷ, ಅಂದರೆ ಎರಡು ವರ್ಷದ ಹಿಂದೆ, ಬಳ್ಳಾರಿಯ ಶೋರೂಮಿನಲ್ಲಿ ಅವರು ಈ ಕಾರನ್ನು ಹೊಸದಾಗಿ ಕೊಂಡಿದ್ದರು. ತೋರಿಸಿದಲ್ಲೆಲ್ಲ ಸಹಿ ಹಾಕಿದ್ದರು. ಅರವತ್ತರಲ್ಲಿ ಡ್ರೈವಿಂಗ್ ಕಲಿತದ್ದು ಕುರುಗೋಡಿನಲ್ಲಿ ಸುದ್ದಿಯಾಗಿತ್ತು. ಆದರೆ ಹೆದ್ದಾರಿಯ ಲಾರಿಗಳನ್ನು ಕಂಡರೆ ಕೈ ಬೆವರುತ್ತಿತ್ತು. ಆ ವರ್ಷ ಕಾರು ಹೊರಬಿದ್ದದ್ದು ನಾಲ್ಕೇ ಸಲ. ಮರುವರ್ಷ ಮೊಬೈಲಿಗೆ ಸಂದೇಶ ಬಂತು: ನಿಮ್ಮ ಕಾರಿನ ಪಾಲಿಸಿ ಅವಧಿ ಮುಗಿದಿದೆ.

ಭೀಮರಾಜ ಬಳ್ಳಾರಿಯ ಕೋರ್ಟಿನಲ್ಲಿ ಟೈಪಿಸ್ಟ್. ನಿಂತೇ ಇರುವ ಗಾಡಿಗೂ ಇನ್ಶೂರೆನ್ಸ್ ಬೇಕೇ ಎಂದು ಅವನನ್ನು ಕೇಳಿದ್ದರು.

"ಕಾಂಪೌಂಡಿನಾಗ ನಿಂತ್ರ ಯಾರೂ ಕೇಳಂಗಿಲ್ರಿ. ಗೇಟು ದಾಟಿತಂದ್ರ ಇರಲೇಬೇಕು. ಇಲ್ಲದಾಗ ಯಾರಿಗರ ಬಡೀತಂದ್ರ ನಿಮ್ಮ ಮನೀನ ಹರಾಜು ಹಾಕ್ತಾರ. ಅಂಥ ಆರ್ಡರು ನಾನ ಟೈಪ್ ಮಾಡೀನಿ."

ಆ ಮನೆಯಲ್ಲಿ ಕೊಟ್ರಮ್ಮನ ತಂಗಿ ಚನ್ನಬಸಮ್ಮ ಇದ್ದಳು. ಹುಟ್ಟು ಕುರುಡಿ. ಗೋಡೆ ಸವರಿಕೊಂಡು ಅಡುಗೆಮನೆಗೆ, ಬಚ್ಚಲಿಗೆ, ತುಳಸಿಕಟ್ಟೆಗೆ ತಾನೇ ಹೋಗಿಬರುತ್ತಿದ್ದಳು. ಬೇರೆ ಮನೆಯಲ್ಲಿ ಅವಳಿಗೆ ಒಂದು ಹೆಜ್ಜೆಯೂ ಗೊತ್ತಾಗದು.

ಅಂದಿನಿಂದ ಹನ್ನೊಂದು ತಿಂಗಳು ಕಾರು ಗೇಟು ದಾಟಿರಲಿಲ್ಲ. ಭಾನುವಾರ ಹತ್ತು ನಿಮಿಷ ಎಂಜಿನ್ ಓಡಿಸಿ ಆರಿಸುತ್ತಿದ್ದರು, ಅಷ್ಟೇ. ಈ ಬೆಳಿಗ್ಗೆ ಚನ್ನಬಸಮ್ಮನಿಗೆ ಮೂರ್ಛೆ ಬಂತು. ಮಾತ್ರೆ ಮುಗಿದಿತ್ತು, ಊರಲ್ಲಿ ಸಿಗಲಿಲ್ಲ. ಸಿರುಗುಪ್ಪದ ಅಂಗಡಿಯಲ್ಲಿ ಇದೆಯೆಂದು ಫೋನಿನಲ್ಲಿ ಹೇಳಿದರು. ಬಸ್ಸು ಆಗಲೇ ಹೋಗಿತ್ತು. ಪಕ್ಕದ ಮನೆಯವರನ್ನು ತಂಗಿಯ ಬಳಿ ಕೂರಿಸಿ ಹೊರಟಿದ್ದರು. ಒಂದೇ ಒಂದು ಸಲ ಎಂದುಕೊಂಡಿದ್ದರು. ಮಾತ್ರೆ ಕೊಂಡು ಮರಳುವಾಗ ಹೀಗಾಗಿತ್ತು.

ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ. ಬಂದವರು ಮೊದಲು ಕೇಳುವುದು ಕಾಗದ.

ಕೊಟ್ರಮ್ಮ ಬಾಗಿಲು ಮುಚ್ಚಿದರು.

"ನನ್ನ ಕೈಲಿ ನಿನ್ನ ಎತ್ತಾಕ ಆಗಂಗಿಲ್ಲಪ್ಪ. ಆಂಬುಲೆನ್ಸ್ ಕಳಿಸ್ತೀನಿ. ಇಲ್ಲೇ ಇರು."

"ಆತ್ರಿ ಟೀಚರ್," ಎಂದ ರಾಮಾಂಜಿನಿ.

ಒಂದು ಫರ್ಲಾಂಗು ಮುಂದೆ ಕಾರು ನಿಲ್ಲಿಸಿ ಮೊಬೈಲು ತೆಗೆದರು. ಕರೆ ಮಾಡಿದ ನಂಬರು ಆಂಬುಲೆನ್ಸಿನವರಲ್ಲಿ ಉಳಿದುಬಿಡುತ್ತದೆ ಎಂದು ಹೊಳೆಯಿತು. ಮೊಬೈಲನ್ನು ಚೀಲಕ್ಕೆ ಹಾಕಿ ಮನೆಗೆ ಬಂದರು. ತಂಗಿಗೆ ಮಾತ್ರೆ ನುಂಗಿಸಿದರು. ನೆಗ್ಗಿದ ಬಂಪರಿನ ಮೇಲೆ ತಾಡಪತ್ರಿ ಎಳೆದರು.

ಮರುದಿನದ ಪೇಪರಿನಲ್ಲಿ ನಾಲ್ಕು ಸಾಲು ಇತ್ತು. ಅಪರಿಚಿತ ವಾಹನ ಡಿಕ್ಕಿ, ಬೈಕ್ ಸವಾರ ಸಾವು.

ಐದನೆಯ ದಿನ ಬಸ್ಸು ಹತ್ತಿ ತೆಕ್ಕಲಕೋಟೆಗೆ ಹೋದರು. ರಾಮಾಂಜಿನಿಗೆ ಪಾಠ ಹೇಳಿದವಳು ಎಂದಾಗ ಅವನ ಹೆಂಡತಿ ಗಂಗೋತ್ರಿ ಚಾಪೆ ಹಾಸಿದಳು. ಬಳ್ಳಾರಿಯಿಂದ ಹೊಲಿದ ಪ್ಯಾಂಟು ತಂದು ಊರ ಹೆಣ್ಣುಮಕ್ಕಳಿಂದ ಗುಂಡಿ ಹಚ್ಚಿಸಿ ವಾಪಸು ಒಯ್ಯುವುದು ಅವನ ಕೆಲಸವಾಗಿತ್ತಂತೆ.

"ಕುರಿ ಕಾಯೋರು ಲಗೂನ ನೋಡ್ಯಾರ್ರಿ," ಎಂದಳು ಗಂಗೋತ್ರಿ. "ಟಂಟಂ ಆಟೋದಾಗ ಹಾಕ್ಕೊಂಡು ಹೋಗ್ತೀವಿ ಅಂದ್ರ ಇವರ ಬ್ಯಾಡ ಅಂದ್ರಂತ. ಆಂಬುಲೆನ್ಸ್‌ಗೆ ಹೇಳೈತಿ, ಈಗ ಬರ್ತೈತಿ ಅಂದ್ರಂತ. ಒಂದು ತಾಸು ಕಾಯ್ದು, ಆಮ್ಯಾಲೆ ಅದರಾಗ ಒಯ್ದಾರ. ಡಾಕ್ಟ್ರು, ಆ ಒಂದು ತಾಸು ಮೊದಲ ಬಂದಿದ್ರ ಉಳೀತಿದ್ದ ಅಂದ್ರು."

ಕೊಟ್ರಮ್ಮ ಕೇಳಿದರು: "ಯಾವ ಗಾಡಿ ಅಂತ ಏನರ ಹೇಳಿದ್ನಾ?"

"ದವಾಖಾನ್ಯಾಗ ಪೊಲೀಸರು ಇವರನ್ನ ಎರಡು ಸಲ ಕೇಳಿದ್ರು. ನಾ ನೋಡಿಲ್ಲ ಅಂದ್ರು. ಗಾಡಿ ಸಿಕ್ಕಿದ್ರ ಕೂಸಿಗೆ ಪರಿಹಾರನಾದ್ರೂ ಸಿಗ್ತಿತ್ತಂತ. ಈಗ ಯಾರ್ನ ಕೇಳೋದ್ರಿ?"

ಒಳಗೆ ಮಗುವೊಂದು ಎದ್ದು ಅಳತೊಡಗಿತು. ಗಂಗೋತ್ರಿ ಎದ್ದು ಹೋದಳು.

ಆ ರಾತ್ರಿ ಕೊಟ್ರಮ್ಮ ತಂಗಿಯ ಪಕ್ಕ ಕುಳಿತು ಎಲ್ಲವನ್ನೂ ಹೇಳಿದರು. ಚನ್ನಬಸಮ್ಮ ಅಕ್ಕನ ಕೈ ಹುಡುಕಿ ಹಿಡಿದು, "ಮನಿ ಹೋದ್ರ ಹೋಗ್ಲಿ ಅಕ್ಕ. ಹೋಗಿ ಹೇಳಿಬಿಡು," ಎಂದಳು.

ಬೆಳಿಗ್ಗೆ ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಕಾವೇರಿ ಹೇಳಿಕೆ ಬರೆದುಕೊಂಡರು. ಕೊಟ್ರಮ್ಮ ಏನನ್ನೂ ಮುಚ್ಚಿಡಲಿಲ್ಲ. ಇನ್ಶೂರೆನ್ಸ್ ಇಲ್ಲದ ಕಾರು ಹೊರಗೆ ತೆಗೆದದ್ದು, ಅದಕ್ಕೇ ಹೆದರಿ ಅವನನ್ನು ಬಿಟ್ಟು ಬಂದದ್ದು. ಮನೆಯ ಪತ್ರವನ್ನೂ ತಂದಿದ್ದರು. ಅದನ್ನು ಮೇಜಿನ ಮೇಲಿಟ್ಟು, "ಇದನ್ನ ಹರಾಜು ಹಾಕಿ ಆ ಕೂಸಿಗೆ ಕೊಡಸ್ರಿ," ಎಂದರು.

ಕಾವೇರಿ ಕಾರಿನ ನಂಬರನ್ನು ಮೊಬೈಲಿನಲ್ಲಿ ಒತ್ತಿದರು. ಓದಿದರು. ಮತ್ತೊಮ್ಮೆ ಓದಿದರು. ಪತ್ರವನ್ನು ಮೆಲ್ಲಗೆ ಅವರತ್ತ ಸರಿಸಿದರು.

"ಮುಗಿದಿರೋದು ನಿಮ್ಮ ಕಾರಿನ ರಿಪೇರಿ ಪಾಲಿಸಿ, ಟೀಚರ್. ಎದುರಿನವರಿಗೆ ಪೆಟ್ಟಾದ್ರ ಕೊಡೋದು ಬೇರೆ ಐತಿ. ಹೊಸ ಕಾರಿಗೆ ಅದನ್ನ ಶೋರೂಮಿನಾಗ ಮೂರು ವರ್ಷಕ್ಕ ಕಡ್ಡಾಯ ಮಾಡಿಸಿರ್ತಾರ. ಅವತ್ತು ನಿಮ್ಮ ಕಾರಿಗೆ ಇನ್ಶೂರೆನ್ಸ್ ಇತ್ರಿ."